ಬೇಜಾರು ಅಂದರೆ ಯಾವ ಬೇಜಾರು?

ಐದನೇ ತರಗತಿಯ ಆ ಹುಡುಗನಿಗೆ ಮಾತು ತೊದಲುತ್ತಿತ್ತು. ಓದಲು ಎದ್ದು ನಿಂತರೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಿದ್ದ. ಹಿಂದಿನ ಸಾಲಿನಿಂದ ಒಂದು ದನಿ ಬರುತ್ತಿತ್ತು: "ಗಾಡಿ ಸ್ಟಾರ್ಟ್ ಆಯ್ತಿಲ್ಲ, ತಳ್ರಲಾ!" ತರಗತಿಯೆಲ್ಲ ಗೊಳ್ಳನೆ ನಗುತ್ತಿತ್ತು. ನಾನು "ಏಯ್, ಸುಮ್ನಿರ್ರೋ" ಎಂದು ಗದರಿ ಪಾಠ ಮುಂದುವರಿಸುತ್ತಿದ್ದೆ. ಮಂಡ್ಯ ಜಿಲ್ಲೆಯ ಹಳ್ಳಿಶಾಲೆ, ಅಡ್ಡಹೆಸರಿಲ್ಲದ ಮಗು ಇಲ್ಲಿ ಯಾವುದಿದೆ ಅಂದುಕೊಂಡಿದ್ದೆ.

ಒಂದು ದಿನ ಅವನ ತಾಯಿ ಬಂದರು. "ಬೆಳಗಾದ್ರೆ ಹೊಟ್ಟೆನೋವು ಅಂತ ಮುದುಡ್ಕೊಂಡು ಮನಿಕತಾನೆ ಮೇಡಂ. ಆಸ್ಪತ್ರೇಲಿ ಏನೂ ಇಲ್ಲ ಅಂದ್ರು." ಭಾನುವಾರ ನೋವಿರುತ್ತಾ ಎಂದು ಕೇಳಿದೆ. ಇರುವುದಿಲ್ಲವಂತೆ.

ಆಗ ನಾನು ಮಾಡಿದ್ದು ದೊಡ್ಡ ತಪ್ಪು. ಕೂಗುತ್ತಿದ್ದ ಹುಡುಗನನ್ನು ಎಲ್ಲರ ಮುಂದೆ ನಿಲ್ಲಿಸಿ, "ಸಾರಿ ಕೇಳು" ಎಂದು ಕೇಳಿಸಿದೆ. ಅಂದು ಸಂಜೆ ನಾಲೆ ಏರಿಯ ಮೇಲೆ ಇವನ ಚಪ್ಪಲಿ ನೀರಿಗೆ ಬಿತ್ತು. "ಮಿಸ್ಸಿಗೆ ಹೇಳ್ತೀಯೇನ್ಲಾ?" ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ತರಬೇತಿಯಲ್ಲಿ ಅದನ್ನು ಬರೆದುಕೊಂಡವಳು ನಾನೇ, ಇಪ್ಪತ್ತಾರು ಮಕ್ಕಳೆದುರು ಒಬ್ಬನ ತಲೆ ತಗ್ಗಿಸಿದವಳೂ ನಾನೇ. ಆ ಅವಮಾನದ ಬಡ್ಡಿ ಕಟ್ಟಿದ್ದು ಈ ಹುಡುಗ.

ಮರುದಿನ ಬಿಸಿಯೂಟ ಆದಮೇಲೆ ಅವನನ್ನು ಅಡುಗೆಕೋಣೆಯ ಮೆಟ್ಟಿಲ ಮೇಲೆ ಕೂರಿಸಿಕೊಂಡೆ. ಏನಾಯಿತು ಎಂದರೆ "ಬೇಜಾರು" ಅಂದ. ನಮ್ಮ ಮಕ್ಕಳಿಗೆ ಎಲ್ಲಕ್ಕೂ ಅದೊಂದೇ ಪದ. ಪೆನ್ಸಿಲ್ ಕಳೆದರೂ ಬೇಜಾರು, ಅಜ್ಜಿ ಸತ್ತರೂ ಬೇಜಾರು. "ಎಲ್ಲಿದೆಯೋ ಬೇಜಾರು, ಮುಟ್ಟಿ ತೋರಿಸು" ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಕಿವಿ ಮುಟ್ಟಿದ, ಬಿಸಿಯಾಗುತ್ತದಂತೆ. ಆಮೇಲೆ ಗಂಟಲು. ಕಿವಿಯದ್ದು ಅವಮಾನ, ಗಂಟಲಿನದ್ದು ಹೆದರಿಕೆ ಎಂದು ನಾವಿಬ್ಬರೂ ಸೇರಿ ಹೆಸರಿಟ್ಟೆವು.

ಇದನ್ನೇ ಇಡೀ ತರಗತಿಗೆ ತಂದೆ. ಊಟದ ನಂತರ ಹತ್ತು ನಿಮಿಷ, ಬೋರ್ಡಿನ ಮೇಲೆ 'ಬೇಜಾರು' ಎಂದು ಬರೆದು ಅದರ ಹೊಟ್ಟೆ ಬಗೆಯುವುದು. ಸಿಟ್ಟು, ಹೊಟ್ಟೆಕಿಚ್ಚು, ನಾಚಿಕೆ, ಯಾರೂ ಸೇರಿಸಿಕೊಳ್ಳದ ಸಂಕಟ. ಸಿಟ್ಟು ಬಂದರೆ ಹ್ಯಾಂಡ್‌ಪಂಪಿನ ಹತ್ತಿರ ಹೋಗಿ ಮುಖ ತೊಳೆದು ಬರಲು ಯಾರೂ ನನ್ನ ಅನುಮತಿ ಕೇಳಬೇಕಿಲ್ಲ ಎಂದೆ. ಮೊದಲ ವಾರ ಸುಮ್ಮಸುಮ್ಮನೆ ಹೋದವರೇ ಹೆಚ್ಚು, ಹೋಗಲಿ ಬಿಡಿ ಅಂದುಕೊಂಡೆ.

ಕೂಗುತ್ತಿದ್ದವನ ಹತ್ತಿರವೂ ಒಬ್ಬನೇ ಇದ್ದಾಗ ಮಾತಾಡಿದೆ. ಇಂಥ ಮಕ್ಕಳ ಮನೆಯಲ್ಲಿ ಏನೋ ನೋವಿರುತ್ತದೆ ಎನ್ನುತ್ತಾರಲ್ಲ, ನಾನೂ ಹುಡುಕಿದೆ. ಅಂಥದ್ದೇನೂ ಸಿಗಲಿಲ್ಲ. "ಎಲ್ರೂ ನಗ್ತಾರೆ ಮಿಸ್, ಅದಕ್ಕೇ" ಅಂದ. ನನಗೆ ಬೇಕಿದ್ದ ಉತ್ತರ ಅದೇ ಆಗಿತ್ತು. ಅವನನ್ನು ತಿದ್ದುವುದಕ್ಕಿಂತ ಆ ನಗುವನ್ನು ಒಣಗಿಸುವುದು ಸುಲಭ.

ನಗುವವರನ್ನು ಇಬ್ಬಿಬ್ಬರಾಗಿ ಕರೆದು, ಜಗಳಕ್ಕೆ ಹೋಗಬೇಡಿ, ನಗಬೇಡಿ ಅಷ್ಟೇ, ಆಟಕ್ಕೆ ತೊದಲುವ ಹುಡುಗನನ್ನೂ ಕರೆಯಿರಿ, ಯಾರಾದರೂ ಕಾಡಿಸಿದರೆ ನನಗೆ ಹೇಳಿ ಎಂದೆ. ಒಬ್ಬಳು ಕೇಳಿದಳು: "ನಿಮಗೆ ಹೇಳಿದ್ರೆ ಚಾಡಿ ಆಗಲ್ವಾ?" ಒಬ್ಬರಿಗೆ ಏಟು ಬೀಳಲಿ ಅಂತ ಹೇಳಿದರೆ ಚಾಡಿ, ಒಬ್ಬರಿಗೆ ಏಟು ತಪ್ಪಲಿ ಅಂತ ಹೇಳಿದರೆ ಸಹಾಯ ಅಂದೆ. ಯಾರು ಹೇಳಿದರು ಎಂಬುದನ್ನು ಮಾತ್ರ ನಾನು ಎಲ್ಲೂ ಬಾಯಿಬಿಡಲಿಲ್ಲ.

ತೊದಲಿಗೆ ನಾನು ವೈದ್ಯಳಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯಿರಿ ಎಂದು ತಾಯಿಗೆ ಹೇಳಿದೆ, ಹೋಗಿಬಂದರು. ತರಗತಿಯಲ್ಲಿ ಜೋಡಿ ಓದು ಶುರುಮಾಡಿದೆ. ತೊದಲುವವರು ಇನ್ನೊಬ್ಬರ ಜೊತೆ ದನಿಗೂಡಿಸಿ ಓದುವಾಗ ಸಾಮಾನ್ಯವಾಗಿ ಸರಾಗವಾಗಿ ಓದುತ್ತಾರೆ, ಇವನೂ ಓದಿದ. ಅವನ ಮಾತನ್ನು ನಾನೇ ಪೂರ್ತಿ ಮಾಡುವ ಚಾಳಿ ಬಿಡುವುದು ಮಾತ್ರ ನನಗೆ ಕಷ್ಟವಾಯಿತು.

ತೊದಲು ಇನ್ನೂ ಇದೆ. ಫೆಬ್ರವರಿಯಲ್ಲಿ ಒಮ್ಮೆ ಏಳನೇ ತರಗತಿಯ ಹುಡುಗನೊಬ್ಬ ಪಂಪಿನ ಹತ್ತಿರ "ತಳ್ರಲಾ" ಅಂದ. ನಮ್ಮವರು ಯಾರೂ ನಗಲಿಲ್ಲ. ಅವನು ಅತ್ತಿತ್ತ ನೋಡಿ, ನೀರು ಕುಡಿದು ಹೋದ. ನಾನು ನಮ್ಮ ಹುಡುಗನ ಹತ್ತಿರ ಹೋಗಿ "ಬೇಜಾರಾಯ್ತೇನೋ?" ಎಂದೆ.

"ಬೇ... ಬೇಜಾರಲ್ಲ ಮಿಸ್. ಸಿಟ್ಟು" ಅಂದವನೇ, ಮುಖ ತೊಳೆದುಕೊಂಡು ಲಗೋರಿಗೆ ಓಡಿದ.