ಸ್ಟ್ರಾಡಿವಾರಿಯ ಅಚ್ಚಿನ ಮೇಲೆ ನಾನು ಪಿಟೀಲು ಮಾಡಿದ್ದು

ಪಿಟೀಲು ಮಾಡುತ್ತೇನೆ ಅಂದರೆ ಸಾಕು, ಎಲ್ಲರೂ ಕೇಳುವುದು ಒಂದೇ: ಆ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವಾರಿಯ ವಾರ್ನಿಷ್ ಗುಟ್ಟೇನು? ವಾರ್ನಿಷ್ ಬಿಡಿ, ಪಿಟೀಲಿನ ಒಡಲಿಗೆ ಆಕಾರ ಕೊಡುವ ಅವನ ಅಚ್ಚು ನೋಡಿ ಅನ್ನುತ್ತೇನೆ ನಾನು.

ಆ ಅಚ್ಚುಗಳು ಉಳಿದದ್ದೇ ದೊಡ್ಡ ಅದೃಷ್ಟ. ಇಟಲಿಯ ಕ್ರೆಮೋನಾದಲ್ಲಿ ಆಂಟೋನಿಯೊ ಸ್ಟ್ರಾಡಿವಾರಿ ತೀರಿಕೊಂಡದ್ದು 1737ರಲ್ಲಿ. ಜೊತೆಗೆ ಕೆಲಸ ಮಾಡುತ್ತಿದ್ದ ಇಬ್ಬರು ಮಕ್ಕಳೂ 1743ರ ಹೊತ್ತಿಗೆ ಹೋದರು. ಇನ್ನೊಬ್ಬ ಮಗ ಪಾವೊಲೊ ಬಟ್ಟೆ ವ್ಯಾಪಾರಿ, ಅವನಿಗೆ ಉಳಿ ಸುತ್ತಿಗೆ ಯಾಕೆ ಬೇಕು? ಅಚ್ಚು, ಕಾಗದದ ನಕ್ಷೆ, ಉಪಕರಣ ಎಲ್ಲ 1770ರ ದಶಕದಲ್ಲಿ ಕೌಂಟ್ ಕೋಜಿಯೊ ಎಂಬ ಸಂಗ್ರಾಹಕನ ಪಾಲಾದವು. ಎಷ್ಟೋ ವರ್ಷಗಳ ನಂತರ ಜುಸೆಪ್ಪೆ ಫಿಯೊರಿನಿ ಎಂಬ ಪಿಟೀಲು ತಯಾರಕ ಅವನ್ನು ಕೊಂಡು, 1930ರಲ್ಲಿ ಕ್ರೆಮೋನಾ ಊರಿಗೇ ಕೊಟ್ಟುಬಿಟ್ಟ. ಪುಣ್ಯಾತ್ಮ. ಈಗ ಅಲ್ಲಿನ ಪಿಟೀಲು ಮ್ಯೂಸಿಯಂನಲ್ಲಿವೆ.

ನಾನು ಹಿಡಿದದ್ದು ‘ಜಿ’ ಅಂತ ಗುರುತಿರುವ ಅಚ್ಚಿನ ನಕ್ಷೆ. ಇದು ಒಳಗಿನ ಅಚ್ಚು, ಅಂದರೆ ಪಿಟೀಲಿನ ಪಕ್ಕದ ಪಟ್ಟಿಗಳು ಇದರ ಸುತ್ತ ಹೊರಗಿನಿಂದ ಸುತ್ತಿಕೊಳ್ಳುತ್ತವೆ. ಮೊದಲು ನಾಲ್ಕು ಮೂಲೆಗೂ, ಮೇಲೆ ಕೆಳಗೂ ವಿಲೋ ಮರದ ತುಂಡು ಕೂರಿಸಿ ಒಂದೊಂದು ತೊಟ್ಟು ಸರೇಸು ಹಾಕಿದೆ. ಜಾಸ್ತಿ ಹಾಕಬಾರದು, ಆಮೇಲೆ ಅಚ್ಚು ಬಿಡಿಸಬೇಕಲ್ವಾ.

ಪಟ್ಟಿಗಳು ಮೇಪಲ್ ಮರದ್ದು, ದಪ್ಪ ಸುಮಾರು 1 ಮಿಲಿಮೀಟರ್. ಒದ್ದೆ ಮಾಡಿ ಕಾದ ಕಬ್ಬಿಣಕ್ಕೆ ಒತ್ತಿದರೆ ಚುಂಯ್ ಅನ್ನುತ್ತದೆ. ಆ ಸದ್ದು ಇರುವಾಗಲೇ ಬಗ್ಗಿಸಬೇಕು, ನಿಂತ ಮೇಲೆ ಬಲ ಹಾಕಿದರೆ ಟಕ್ ಅಂತ ಮುರಿಯುತ್ತದೆ. ಚೆಂದದ ಮೇಪಲ್‌ನಲ್ಲಿ ನಾರು ಅಲೆಅಲೆಯಾಗಿ ಓಡುತ್ತದೆ, ಮುರಿಯುವುದೂ ಅಲ್ಲೇ. ಅದಕ್ಕೇ ಹಿಂದೆ ತೆಳು ತಗಡು ಆನಿಸಿಟ್ಟು ನಿಧಾನಕ್ಕೆ ಎಳೆಯುತ್ತೇನೆ. ಸೊಂಟದ ಪಟ್ಟಿ ಮೊದಲು, ಮೇಲಿನ ಕೆಳಗಿನವು ಆಮೇಲೆ. ಸ್ಟ್ರಾಡಿವಾರಿಯ ಅಚ್ಚುಗಳಲ್ಲಿ ತೂತುಗಳಿವೆ. ಅವುಗಳಲ್ಲಿ ಗೂಟ ಸಿಕ್ಕಿಸಿ, ಹಗ್ಗ ಬಿಗಿದು ಪಟ್ಟಿಗಳನ್ನು ಅದುಮಿ ಹಿಡಿಯುತ್ತಿದ್ದರು. ಕ್ಲ್ಯಾಂಪ್ ಇದ್ದರೂ ನಾನು ಹಗ್ಗವನ್ನೇ ಕಟ್ಟಿದೆ, ಒತ್ತಡ ಎಲ್ಲ ಕಡೆ ಸಮನಾಗಿ ಬೀಳುತ್ತದೆ.

ಮುಂದಿನದು ನನಗೆ ತುಂಬಾ ಇಷ್ಟ. ಮೇಲಿನ, ಹಿಂದಿನ ಹಲಗೆಗಳ ಆಕಾರವನ್ನು ಕಾಗದ ನೋಡಿ ಬರೆಯುವುದಿಲ್ಲ. ಪಟ್ಟಿಗಳ ಚೌಕಟ್ಟನ್ನು ಹಲಗೆಯ ಮೇಲಿಟ್ಟು, ಅದರ ಸುತ್ತ ಅಂಚಿಗೆ ಬೇಕಾದಷ್ಟು ಜಾಗ ಬಿಟ್ಟು ಗೆರೆ ಎಳೆಯುತ್ತೇವೆ. ಪಟ್ಟಿ ಎಲ್ಲಿ ಒಂಚೂರು ಆಚೀಚೆ ಹೋಗಿದೆಯೋ ಹಲಗೆಯೂ ಅಲ್ಲಿ ಹಾಗೇ ಹೋಗುತ್ತದೆ. ಸ್ಟ್ರಾಡಿವಾರಿಯ ಪಿಟೀಲುಗಳ ಎಡಬಲ ಒಂದಕ್ಕೊಂದು ಸರಿಯಾಗಿ ಹೊಂದದೇ ಇರುವುದು ಇದಕ್ಕೇ. 19ನೇ ಶತಮಾನದ ಫ್ರೆಂಚರು ಹೊರಗಿನ ಅಚ್ಚಿನೊಳಗೆ ಪಟ್ಟಿ ಒತ್ತಿ ನೀಟಾಗಿ ಮಾಡಿದರು. ನೀಟೇನೋ ಸರಿ, ನನ್ನ ಕಣ್ಣಿಗೆ ಸ್ವಲ್ಪ ಸಪ್ಪೆ.

ಮೇಲಿನ ಹಲಗೆ ಆಲ್ಪ್ಸ್ ಕಡೆಯ ಸ್ಪ್ರೂಸ್, ಸುಮಾರು 2.5 ಮಿಲಿಮೀಟರ್‌ಗೆ ಇಳಿಸಿದೆ. ಹಿಂದಿನದು ಮೇಪಲ್, ನಡುವೆ 4.5, ಅಂಚಿನ ಕಡೆ ತೆಳು. ಉಪ್ಪುಕಾಗದ ಮುಟ್ಟಲಿಲ್ಲ, ಉಕ್ಕಿನ ತಗಡಿನಿಂದಲೇ ಹೆರೆದದ್ದು. ರಾತ್ರಿ ದೀಪವನ್ನು ಪಕ್ಕಕ್ಕೆ ಹಿಡಿದರೆ ಉಬ್ಬುತಗ್ಗೆಲ್ಲ ನೆರಳಿನಲ್ಲಿ ಗೊತ್ತಾಗುತ್ತದೆ.

ಇನ್ನು ಆ ವಾರ್ನಿಷ್. ಪ್ಯಾರಿಸ್ ಮ್ಯೂಸಿಯಂನ ಐದು ಸ್ಟ್ರಾಡಿವಾರಿ ವಾದ್ಯಗಳನ್ನು ಪರೀಕ್ಷಿಸಿ ಸಂಶೋಧಕರು 2009ರಲ್ಲಿ ಹೇಳಿದ್ದು ಇಷ್ಟೇ: ಎಣ್ಣೆ, ಮರದ ರಾಳ, ಕೆಲವಕ್ಕೆ ಕೆಂಪು ಬಣ್ಣ. ಆಗಿನ ಚಿತ್ರಕಾರರ ಹತ್ತಿರವೂ ಇರುತ್ತಿದ್ದ ಸಾಮಾನು. ನಾನೂ ಅದನ್ನೇ ಕಾಯಿಸಿ ಹಚ್ಚಿದೆ.

ಸ್ಟ್ರಾಡಿವಾರಿ ಪಿಟೀಲಿನ ಕತ್ತನ್ನು ಒಳಗಿನಿಂದ ಮೊಳೆ ಹೊಡೆದು ಕೂರಿಸುತ್ತಿದ್ದ. ಆಮೇಲಿನವರು ಅವನ ಬಹುತೇಕ ಎಲ್ಲ ಪಿಟೀಲುಗಳ ಕತ್ತು ಬದಲಿಸಿದ್ದಾರೆ, ಹಾಗಾಗಿ ಈಗ ಕಛೇರಿಯಲ್ಲಿ ಕೇಳುವ ಸ್ಟ್ರಾಡಿವಾರಿ ಪೂರ್ತಿ ಅವನದ್ದಲ್ಲ. ನಾನು ಈಗಿನ ರೀತಿಯಲ್ಲೇ ಮರದಲ್ಲಿ ಕುಳಿ ಕೊರೆದು ಕೂರಿಸಿದೆ. ನುಡಿಸುವವರು ಕರ್ನಾಟಕ ಸಂಗೀತದವರು, ಗಮಕಕ್ಕೆ ಬೆರಳು ಜಾರಲಿ ಅಂತ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಆದ್ದರಿಂದ ಕತ್ತಿಗೆ ವಾರ್ನಿಷ್ ಬಳಿಯಲೇ ಇಲ್ಲ, ಬರೀ ಅಗಸೆ ಎಣ್ಣೆ ಉಜ್ಜಿ ಕೊಟ್ಟೆ.