ರಾಡ್ ಅಂಟಿಕೊಂಡ ಶನಿವಾರ

ಚಿಕ್ಕವಳಿದ್ದಾಗ ನಮ್ಮ ಮನೆ ಕಾಮಾಕ್ಷಿಪಾಳ್ಯದಲ್ಲಿತ್ತು. ಸ್ಕೂಲಿಗೆ ಹೋಗುವ ದಾರಿಯಲ್ಲಿ ಗೇಟು, ಗ್ರಿಲ್ ಮಾಡುವ ಒಂದು ಅಂಗಡಿ. ಅದು ಹತ್ತಿರ ಬಂದ ಕೂಡಲೇ ಅಮ್ಮ ನನ್ನ ಮುಖಕ್ಕೆ ಸೆರಗು ಅಡ್ಡ ಹಿಡಿಯುತ್ತಿದ್ದಳು. "ಅತ್ಲಾಗ್ ನೋಡ್ಬೇಡ, ಕಣ್ಣು ಹೋಗತ್ತೆ." ನಲವತ್ತೆರಡನೇ ವಯಸ್ಸಿನಲ್ಲಿ ಅದೇ ವೆಲ್ಡಿಂಗ್ ಕಲಿಯಲು ಹೊರಟಾಗ ಅವಳು ಹೇಳಿದ್ದು ಇಷ್ಟೇ: "ನಿನಗೇನು ಬಂತೇ?"

ಬಂದಿದ್ದು ಸಿಟ್ಟು. ಬಾಲ್ಕನಿಯ ಕುಂಡಗಳಿಗೆ ಒಂದು ಸ್ಟ್ಯಾಂಡ್ ಮಾಡಿಸಲು ಅಳತೆ, ಅಡ್ವಾನ್ಸ್ ಎಲ್ಲ ಕೊಟ್ಟು ಬಂದಿದ್ದೆ. ಮೂರು ವಾರ "ನಾಳೆ ಮೇಡಂ" ಕೇಳಿ ಕೇಳಿ ಸಾಕಾಯಿತು. ಪೀಣ್ಯದ ಕಡೆ ಯಾರು ಬೇಕಾದರೂ ಹೋಗಿ ಕಲಿಯಬಹುದಾದ ಒಂದು ವರ್ಕ್‌ಶಾಪ್ ಇದೆ ಅಂತ ಆಫೀಸಿನಲ್ಲಿ ಯಾರೋ ಹೇಳಿದರು. ನಾಲ್ಕು ಶನಿವಾರದ ಕ್ಲಾಸು. ರಾಜಾಜಿನಗರದಲ್ಲಿ ಮೆಟ್ರೋ ಹತ್ತಿದರೆ ಐದಾರು ಸ್ಟೇಷನ್. ಸೇರಿಬಿಟ್ಟೆ.

ಮೊದಲ ಒಂದು ಗಂಟೆ ಮೆಷೀನ್ ಮುಟ್ಟಲು ಬಿಡಲಿಲ್ಲ. ಬಟ್ಟೆಯದ್ದೇ ಪಾಠ. ನನ್ನ ದುಪಟ್ಟಾ ಗೂಟಕ್ಕೆ ಹೋಯಿತು. ಪಾಲಿಯೆಸ್ಟರ್ ಟೀ ಶರ್ಟ್ ಹಾಕಿ ಬಂದಿದ್ದ ಹುಡುಗನಿಗೆ ಹಳೇ ಕಾಟನ್ ಕೋಟು ಸಿಕ್ಕಿತು. ಕಿಡಿ ಬಿದ್ದರೆ ಕಾಟನ್ ಸುಟ್ಟು ತೂತಾಗುತ್ತದೆ, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಪ್ಯಾಂಟಿನ ತುದಿ ಮಡಚಬಾರದು, ಮಡಿಕೆಯಲ್ಲಿ ಕಿಡಿ ಕೂರುತ್ತೆ. ಇದು ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಕೈಗೆ ರಾಡ್ ಬಂತು, ಅಂದರೆ ಕರಗಿ ಬೆಸುಗೆಯಾಗುವ ಕಡ್ಡಿ. 6013, ಎರಡೂವರೆ ಎಂಎಂ ದಪ್ಪ. ಆ ನಂಬರಿನ 60 ಅಂದರೆ ಬೆಸುಗೆ ಒಂದು ಚದರ ಇಂಚಿಗೆ 60,000 ಪೌಂಡ್ ಎಳೆತ ತಡೆಯುತ್ತದೆ ಅಂತ. ಮುಂದಿನ 1 ಅಂದರೆ ಮಲಗಿಸಿ, ನಿಲ್ಲಿಸಿ, ತಲೆ ಮೇಲೆ, ಹೇಗೆ ಬೇಕಾದರೂ ಹಾಕಬಹುದು. ನನಗೆ ಮಲಗಿಸಿಯೂ ಬರಲಿಲ್ಲ, ಬಿಡಿ.

ಬೆಂಕಿಕಡ್ಡಿ ಗೀರಿದ ಹಾಗೆ ಗೀರಿ ಎತ್ತಬೇಕು ಅಂದರು. ಗೀರಿದೆ, ಎತ್ತಲಿಲ್ಲ. ರಾಡ್ ಕಬ್ಬಿಣದ ಪಟ್ಟಿಗೆ ಅಂಟಿಕೊಂಡು ಕೂತಿತು. ಎಳೆದರೆ ಪಟ್ಟಿಯೇ ಎದ್ದು ಬರುತ್ತಿದೆ! ರಾಡ್ ಕೆಂಪಗಾಗತೊಡಗಿತು. "ಹೋಲ್ಡರ್ ಬಿಡ್ಸಮ್ಮ, ಹೆದರ್ಬೇಡ," ಅಂದರು ಕಲಿಸುವ ಸರ್. ಹಿಡಿ ಅದುಮಿದರೆ ಹೋಲ್ಡರಿನ ಬಾಯಿ ತೆರೆದು ರಾಡ್ ಬಿಡುತ್ತದೆ. ಆ ದಿನ ಹನ್ನೊಂದು ಸಲ ಅಂಟಿತು. ಎಣಿಸಿದ್ದು ನಾನಲ್ಲ, ಪಕ್ಕದ ಪಾಲಿಯೆಸ್ಟರ್ ಹುಡುಗ.

ಕಿಡಿ ಹತ್ತಿಕೊಂಡ ಮೇಲೂ ಕಷ್ಟ ಮುಗಿಯಲ್ಲ. ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ಹೆಚ್ಚು ಕಡಿಮೆ ರಾಡಿನ ದಪ್ಪದಷ್ಟೇ ಜಾಗ ಇರಬೇಕು. ಆದರೆ ರಾಡ್ ಸುಮ್ಮನೆ ಇರುವುದಿಲ್ಲ, ಊದುಬತ್ತಿ ಥರ ಉರಿದು ಗಿಡ್ಡವಾಗುತ್ತಲೇ ಇರುತ್ತದೆ. ಅಂದರೆ ಕೈ ಪಕ್ಕಕ್ಕೂ ಸರಿಯಬೇಕು, ಕೆಳಗೂ ಇಳಿಯಬೇಕು, ಎರಡೂ ಒಟ್ಟಿಗೆ. ನಾನು ಪಕ್ಕಕ್ಕೆ ಹೋಗುವ ಭರದಲ್ಲಿ ಇಳಿಸುವುದನ್ನು ಮರೆಯುತ್ತಿದ್ದೆ. ಜಾಗ ಜಾಸ್ತಿಯಾಗಿ ಚಟಪಟ ಸಿಡಿದು ಕೆಟ್ಟುಹೋಗುತ್ತಿತ್ತು.

"ಸದ್ದು ಕೇಳಮ್ಮ. ಬೋಂಡ ಕರಿಯೋ ಸದ್ದು ಬರ್ಬೇಕು."

ಅಡುಗೆಮನೆ ಲೆಕ್ಕಕ್ಕೆ ಬಂದಿದ್ದೇ ಕೈ ಸ್ವಲ್ಪ ಪಳಗಿತು. ಎಣ್ಣೆ ಹದವಾಗಿ ಕಾದಾಗ ಬರುವ ಒಂದೇ ಸಮನೆಯ ಸದ್ದು ನನಗೆ ಗೊತ್ತಲ್ಲ. ಅದು ತಪ್ಪಿದರೆ ಕೈ ತಾನೇ ಇಳಿಯತೊಡಗಿತು.

ಆದರೂ ಬೆಸುಗೆಯ ಗೆರೆ ಹಾವಿನ ಥರ ಹೋಗುತ್ತಿತ್ತು. ಯಾಕೆಂದರೆ ನಾನು ಬೆಳಕನ್ನೇ ನೋಡುತ್ತಿದ್ದೆ. ಮುಖಕ್ಕೆ ಹಿಡಿಯುವ ಶೀಲ್ಡಿನ ಕಪ್ಪು ಗಾಜಿನ ಹಿಂದೆ ಅದೊಂದೇ ಕಾಣುತ್ತೆ ಅಲ್ವಾ? ನೋಡಬೇಕಾದ್ದು ಅದರ ಬೆನ್ನಿಗೇ ಇರುವ, ಕರಗಿದ ಕಬ್ಬಿಣದ ಪುಟ್ಟ ಹೊಂಡವನ್ನಂತೆ. ಕಡಲೆಕಾಳಿನಷ್ಟು. ಎರಡನೇ ಶನಿವಾರ ಮಧ್ಯಾಹ್ನ ಅದು ನನಗೆ ಇದ್ದಕ್ಕಿದ್ದಂತೆ ಕಂಡಿತು. ಕಿತ್ತಳೆ ಬಣ್ಣ, ಅಂಚು ನಡುಗುತ್ತಿದೆ, ಹಿಂದೆ ಕಿಟ್ಟ, ಅಂದರೆ ರಾಡಿನ ಮೇಲಿನ ಲೇಪ ಕರಗಿದ್ದು, ಕೆನೆಗಟ್ಟುತ್ತಿದೆ. ನಾನು ನಿಂತರೆ ಅಗಲವಾಗುತ್ತೆ, ಓಡಿದರೆ ಸಣ್ಣಗಾಗುತ್ತೆ. ಆರಿದ ಮೇಲೆ ಸುತ್ತಿಗೆಯಿಂದ ತಟ್ಟಿದೆ. ಕಿಟ್ಟ ಉದ್ದಕ್ಕೆ ಸಿಪ್ಪೆಯಂತೆ ಕಳಚಿ ಬಂತು. ಕೆಳಗೆ ಎರಡು ಇಂಚು ನೆಟ್ಟಗಿನ ಗೆರೆ. ಉಳಿದದ್ದು ಚೆಲ್ಲಿದ ಅಂಬಲಿ. ಆ ಎರಡು ಇಂಚಿನ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ.

ಆ ಖುಷಿಯಲ್ಲೇ ಎಡವಟ್ಟಾಯಿತು. ಶೀಲ್ಡ್ ಎತ್ತಿಕೊಂಡು ನನ್ನ ಗೆರೆ ನೋಡುತ್ತಾ ನಿಂತಿದ್ದೆ, ಪಕ್ಕದ ಟೇಬಲ್ಲಿನವರು ಹೊತ್ತಿಸುತ್ತಲೇ ಇದ್ದರು. ಆಗ ಏನೂ ಅನ್ನಿಸಲಿಲ್ಲ. ರಾತ್ರಿ ಎರಡು ಗಂಟೆಗೆ ಕಣ್ಣಲ್ಲಿ ಮರಳು ಸುರಿದ ಹಾಗೆ ಉರಿ, ನೀರು. ವೆಲ್ಡಿಂಗ್ ಬೆಳಕಿನ ನೇರಳಾತೀತ ಕಿರಣ ಕಣ್ಣಿನ ಮೇಲ್ಪದರವನ್ನು ಸುಡುತ್ತದಂತೆ, ನೋವು ಕೆಲವು ಗಂಟೆ ಬಿಟ್ಟು ಬರುತ್ತದೆ. ಅಮ್ಮ ಆಲೂಗಡ್ಡೆ ಹೆಚ್ಚಿ ಇಡಲು ಬಂದಳು. ವೆಲ್ಡಿಂಗ್ ಹುಡುಗರೂ ಅದನ್ನೇ ಮಾಡುತ್ತಾರಂತೆ. ನಾನು ಬೇಡವೆಂದು ಬೆಳಿಗ್ಗೆ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಡ್ರಾಪ್ಸ್ ಕೊಟ್ಟರು, ಎರಡು ದಿನಕ್ಕೆ ಸರಿಹೋಯಿತು. "ನಾನ್ ಆವತ್ತೇ ಹೇಳಿದ್ದೆ," ಅಂದಳು ಅಮ್ಮ. ಮೂವತ್ತೈದು ವರ್ಷ ಕಾದು ಗೆದ್ದಳು.

ಮೂರನೇ ವಾರ ಒಬ್ಬರು ಮನೆಯಿಂದ ಹಳೇ ಜಿಐ ಪೈಪ್ ತಂದರು. ಸರ್ ಮುಟ್ಟಲಿಲ್ಲ. ಅದರ ಮೇಲಿನ ಸತುವಿನ ಲೇಪ ಸುಟ್ಟು ಬರುವ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ ಅಂತ ವಾಪಸ್ ಕಳಿಸಿದರು.

ಕೊನೆಯ ವಾರ ನನ್ನ ಸ್ಟ್ಯಾಂಡು. ನಾಲ್ಕು ಮೂಲೆಗೂ ಮೊದಲು ಬರೀ ಬೆಸುಗೆಯ ಚುಕ್ಕೆ ಹಾಕಿ, ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆದು, ಎರಡೂ ಅಳತೆ ಒಂದೇ ಇದ್ದರೆ ಮಾತ್ರ ಪೂರ್ತಿ ಬೆಸೆಯಬೇಕು. ಕಬ್ಬಿಣ ಆರುವಾಗ ಕುಗ್ಗಿ ತನ್ನ ಕಡೆ ಎಳೆದುಕೊಳ್ಳುತ್ತದೆ. ಹೇಳಿದ್ದರು. ನಾನು ಆತುರಕ್ಕೆ ಒಂದು ಮೂಲೆಯನ್ನು ಪೂರ್ತಿ ಮುಗಿಸಿಯೇ ಮುಂದಕ್ಕೆ ಹೋದೆ. ಆ ಕಾಲು ಒಳಕ್ಕೆ ತಿರುಗಿತು. ಗ್ರೈಂಡರಿನಲ್ಲಿ ಕೊಯ್ದು ಮತ್ತೆ ಹಾಕಿದರೂ ಪೂರ್ತಿ ಸರಿಹೋಗಲಿಲ್ಲ.

ಈಗ ಅದು ಬಾಲ್ಕನಿಯಲ್ಲಿದೆ, ಒಂದು ಕಾಲಿನ ಕೆಳಗೆ ಮಡಚಿದ ರಟ್ಟು. ಅಮ್ಮ ಎರಡು ಸಲ ಅಲುಗಾಡಿಸಿ ನೋಡಿದಳು.

"ತುಳಸಿ ಬೇಡ," ಅಂದಳು. "ಮೊದ್ಲು ದೊಡ್ಡಪತ್ರೆ ಇಟ್ಟು ನೋಡೋಣ."