ಹಿಮ್ಮಡಿಯ ರಕ್ತಪರೀಕ್ಷೆ: ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ

ತಂಗಿಯ ಹೆರಿಗೆಯಾದ ಮೂರನೆಯ ದಿನ, ಡಿಸ್ಚಾರ್ಜಿನ ಗಡಿಬಿಡಿಯಲ್ಲಿ, ಪೆನ್ಸಿಲಿನಿಂದ ಗುರುತು ಹಾಕಿದ್ದ ಐದು ಹಾಳೆಗಳನ್ನು ಅವಳ ಗಂಡನ ಮುಂದಿಟ್ಟರು. ಗುರುತಿದ್ದಲ್ಲೆಲ್ಲ ಅವರು ಸಹಿ ಹಾಕಿದರು. ಹುಟ್ಟಿನಿಂದಲೇ ಇರಬಹುದಾದ ಕಾಯಿಲೆಗಳ ಪತ್ತೆಗೆಂದು ಮಗುವಿನ ಹಿಮ್ಮಡಿಯಿಂದ ತೆಗೆದ ರಕ್ತದಲ್ಲಿ ಪರೀಕ್ಷೆಯ ನಂತರ ಉಳಿದದ್ದನ್ನು ಸಂಶೋಧನೆಗೆ ಬಳಸಲು ಒಪ್ಪಿದ್ದೇವೆಂದು ಒಂದು ಹಾಳೆಯಲ್ಲಿ ಇದ್ದದ್ದು, ಮನೆಗೆ ಬಂದು ಫೈಲು ಬಿಚ್ಚಿದಾಗಲೇ ಗೊತ್ತಾಯಿತು. ಆದ್ದರಿಂದ ಮೊದಲ ಹೆಜ್ಜೆಯನ್ನು ಹೆರಿಗೆಗೂ ಮುಂಚೆಯೇ ಇಡಿ: ಎಂಟನೆಯ ತಿಂಗಳ ತಪಾಸಣೆಗೆ ಹೋದಾಗ ಒಪ್ಪಿಗೆ ಪತ್ರದ ಖಾಲಿ ಪ್ರತಿಯನ್ನು ಕೇಳಿ ಪಡೆಯಿರಿ.

ಎರಡನೆಯದು ಓದುವ ಕೆಲಸ. ಹೆಚ್ಚಿನವರು ಎಡವುವುದು ಇಲ್ಲೇ. ಇಂಗ್ಲಿಷ್ ಪತ್ರ ಅರ್ಥವಾಗದಿದ್ದರೆ ಕನ್ನಡದ್ದನ್ನು ಕೇಳಲು ಸಂಕೋಚ ಬೇಡ. ಒಪ್ಪಿಗೆ ಕೋರುವ ಸೂಚನೆಯನ್ನು ಕನ್ನಡವೂ ಸೇರಿರುವ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿಯೂ ಓದುವ ಆಯ್ಕೆ ಇರಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಪರೀಕ್ಷೆಗೆ ಒಪ್ಪಿಗೆ ಮತ್ತು ಉಳಿದ ರಕ್ತದ ಬಳಕೆಗೆ ಒಪ್ಪಿಗೆ, ಇವೆರಡೂ ಒಂದೇ ಸಹಿಯಡಿ ಸೇರಿವೆಯೇ ನೋಡಿ. ಸೇರಿದ್ದರೆ, ಎರಡನೆಯದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಪರೀಕ್ಷೆಗೆ ಮಾತ್ರ ಒಪ್ಪಿಗೆ’ ಎಂದು ಬರೆದು, ದಿನಾಂಕ ಸಹಿತ ಸಹಿ ಹಾಕಿ, ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ರಕ್ತದ ಹನಿಗಳನ್ನು ಒಣಗಿಸಿದ ಕಾರ್ಡು ಯಾವ ಲ್ಯಾಬಿಗೆ ಹೋಗುತ್ತದೆ, ಎಷ್ಟು ಕಾಲ ಅಲ್ಲಿರುತ್ತದೆ ಎಂದೂ ಕೇಳಿ. ಅಮೆರಿಕದ ಟೆಕ್ಸಾಸಿನಲ್ಲಿ ತಂದೆತಾಯಿಯರನ್ನು ಕೇಳದೆ ಇಂತಹ ಕಾರ್ಡುಗಳನ್ನು ಸಂಗ್ರಹಿಸಿಟ್ಟಿದ್ದಕ್ಕೆ 2009ರಲ್ಲಿ ಮೊಕದ್ದಮೆ ಹೂಡಲಾಯಿತು. ಕೊನೆಗೆ 50 ಲಕ್ಷಕ್ಕೂ ಹೆಚ್ಚು ಮಾದರಿಗಳನ್ನು ನಾಶಪಡಿಸಲು ಸರ್ಕಾರ ಒಪ್ಪಬೇಕಾಯಿತು.

ಇಷ್ಟಕ್ಕೆ ಹೆದರಿ ಪರೀಕ್ಷೆಯನ್ನೇ ಬೇಡವೆನ್ನಬೇಡಿ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಮಗು ನೋಡಲು ಆರೋಗ್ಯವಾಗಿಯೇ ಕಾಣುತ್ತದೆ. ಎರಡು ವಾರದೊಳಗೆ ಮಾತ್ರೆ ಆರಂಭಿಸಿದರೆ ಅದರ ಬುದ್ಧಿ ಬೆಳವಣಿಗೆಯನ್ನು ಕಾಪಾಡಬಹುದು.

ಹುಟ್ಟಿದ 48ರಿಂದ 72 ಗಂಟೆಯೊಳಗೆ ನರ್ಸ್ ಹಿಮ್ಮಡಿಗೆ ಚುಚ್ಚಿ ಕೆಲವು ಹನಿ ರಕ್ತ ತೆಗೆಯುತ್ತಾರೆ. ಈ ಹೊತ್ತಿಗೆ ವಾರ್ಡಿಗೆ ಬಂದು ‘ನೂರಕ್ಕೂ ಹೆಚ್ಚು ಕಾಯಿಲೆ ಪತ್ತೆ’ ಎಂದು ದುಬಾರಿ ಪ್ಯಾಕೇಜು ಮಾರುವವರಿಗೆ ಅಲ್ಲಿಯೇ ಒಪ್ಪಬೇಡಿ. ಯಾವ ಪರೀಕ್ಷೆ ಬೇಕೆಂದು ಮಕ್ಕಳ ವೈದ್ಯರು ಹೇಳಲಿ.

ಕಾರ್ಡಿನ ಮೇಲೆ ತಾಯಿಯ ಅಥವಾ ತಂದೆಯ ಮೊಬೈಲ್ ಸಂಖ್ಯೆಯನ್ನೇ ಬರೆಸಿ. ಫೈಲು ಹಿಡಿದು ಓಡಾಡುವ ಸೋದರಮಾವನ ಸಂಖ್ಯೆ ಕೊಟ್ಟರೆ, ಲ್ಯಾಬಿನ ಕರೆ ಮೊದಲು ಅವರಿಗೇ ಹೋಗುತ್ತದೆ. ವರದಿಯಲ್ಲಿ ಏರುಪೇರು ಕಂಡರೆ ಅದು ಇನ್ನೂ ರೋಗವೆಂದು ಖಚಿತವಾದಂತಲ್ಲ. ಮರುಪರೀಕ್ಷೆ ಮುಗಿಯುವವರೆಗೆ ಅದನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಡಿ.